ಜಿಪಿಎ 3.05, ಎಂಕ್ಯಾಟ್ 503: ಮಗನಿಗೆ ಇನ್ನೂ ಮೆಡಿಕಲ್ ಸೀಟು ಸಿಗುತ್ತಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಇಪ್ಪತ್ತೈದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿದವನು. ಈ ಮೇ ತಿಂಗಳಲ್ಲಿ ಬಯಾಲಜಿಯಲ್ಲಿ ಪದವಿ ಮುಗಿಸಿದ. ಒಟ್ಟು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 4ಕ್ಕೆ 3.05, ಸೈನ್ಸ್ ಜಿಪಿಎ 2.85. ವರ್ಷದ ಲೆಕ್ಕದಲ್ಲಿ 2.6, 2.7, 3.3, 3.6. ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡನೇ ಭಾಗದಲ್ಲಿ ಸಿ ಮೈನಸ್. ಮೊದಲೆರಡು ವರ್ಷ ಏನಾಯಿತು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಒಂದು ಸಲ ಬರೆದ, 503 ಬಂತು. ನಮ್ಮ ಮನೆಯವರು ಈ ಜೂನಿನಲ್ಲೇ ಅರ್ಜಿ ಹಾಕಿಬಿಡಲಿ, ಸಿಗದಿದ್ದರೆ ಕೆರಿಬಿಯನ್ ಕಾಲೇಜಿಗೆ ಹೋಗಲಿ ಅಂತಾರೆ. ಮೈದುನ ಬೆಂಗಳೂರಿನಿಂದ ಫೋನ್ ಮಾಡಿ, ‘ಇಲ್ಲಿಗೆ ಕಳಿಸಿ ಅತ್ತಿಗೆ, ಎನ್‌ಆರ್‌ಐ ಸೀಟು ಕೊಡಿಸೋಣ’ ಅಂತಾನೆ. ಡಾಕ್ಟರ್ ಆಗುವ ಆಸೆ ಅವನದೇ, ನಮ್ಮ ಒತ್ತಾಯ ಇಲ್ಲ. ಇನ್ನೂ ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ ಈ ಜೂನಿನಲ್ಲಿ ಅರ್ಜಿ ಹಾಕಿಸಬೇಡಿ. ಇಷ್ಟನ್ನು ಮೊದಲು ನಿಮ್ಮ ಮನೆಯವರಿಗೆ ಹೇಳಿ. ಉಳಿದದ್ದನ್ನು ಇಬ್ಬರೂ ಕೂತು ನಿಧಾನವಾಗಿ ಓದಿ.

ನಾನು ಇಲ್ಲಿ ಫಿಜಿಶಿಯನ್. ಒಂದು ಮೆಡಿಕಲ್ ಕಾಲೇಜಿನ ಅಡ್ಮಿಷನ್ ಕಮಿಟಿಯಲ್ಲಿ ಹತ್ತು ವರ್ಷ ಅರ್ಜಿಗಳನ್ನು ಓದಿದ್ದೇನೆ. ನಿಮ್ಮ ಮಗನಂಥವರ ಅರ್ಜಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಬದಿಗಿಟ್ಟಿದ್ದೇನೆ. ಎರಡು ವರ್ಷ ಬಿಟ್ಟು ಅದೇ ಹುಡುಗರು ಮತ್ತೆ ಬಂದಾಗ ಕೈ ಎತ್ತಿ ಬೆಂಬಲಿಸಿಯೂ ಇದ್ದೇನೆ.

ಎದುರಿಗೆ ಏನಿದೆ ಅಂತ ಮೊದಲು ತಿಳಿದಿರಲಿ. ಇಲ್ಲಿ ಡಾಕ್ಟರ್ ಆಗಲು ಎಂಡಿ, ಡಿಒ (ಆಸ್ಟಿಯೋಪಥಿಕ್ ಮೆಡಿಸಿನ್) ಅಂತ ಎರಡು ಪದವಿಗಳಿವೆ. ಅಮೆರಿಕದ ಎಂಡಿ ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ ಜನ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ, ಎಂಕ್ಯಾಟ್ 512ರ ಹತ್ತಿರ. ಡಿಒ ಕಾಲೇಜುಗಳಲ್ಲಿ ಅದು 3.6 ಮತ್ತು 504ರ ಆಸುಪಾಸು. ಕೆಲವು ಕಾಲೇಜುಗಳು 3.0ಕ್ಕಿಂತ ಕೆಳಗಿರುವ ಅರ್ಜಿಯನ್ನು ತೆರೆದು ಓದುವುದೇ ಇಲ್ಲ. ನಿಮ್ಮ ಮಗ ಆ ಗೆರೆಯ ಸ್ವಲ್ಪ ಮೇಲೆ ನಿಂತಿದ್ದಾನೆ. ಸೈನ್ಸ್ ಜಿಪಿಎ ಅದರ ಕೆಳಗೇ ಇದೆ.

ಈಗ ಒಂದು ಲೆಕ್ಕ ಮಾಡೋಣ. ಪದವಿಗೆ 120 ಕ್ರೆಡಿಟ್ ಅಂತ ಇಟ್ಟುಕೊಳ್ಳಿ. 3.05ರಿಂದ ಗುಣಿಸಿದರೆ 366 ಪಾಯಿಂಟ್. ಅವನು ಇನ್ನೂ 32 ಕ್ರೆಡಿಟ್ ಓದಿ, ಒಂದೂ ಬಿಡದೆ ಎಲ್ಲದರಲ್ಲೂ ಎ ತೆಗೆದ ಅಂತಲೇ ಇರಲಿ. ಎ ಅಂದರೆ ಕ್ರೆಡಿಟ್‌ಗೆ 4, ಅದು 128 ಪಾಯಿಂಟ್. ಒಟ್ಟು 494. ಅದನ್ನು 152 ಕ್ರೆಡಿಟ್‌ನಿಂದ ಭಾಗಿಸಿದರೆ 3.25. ಒಂದು ವರ್ಷ ಮೈಮುರಿದು ಓದಿ, ಒಂದು ತಪ್ಪೂ ಮಾಡದೆ ಗಳಿಸಿದ್ದು ಬರೀ 0.20! ಸೈನ್ಸ್ ಲೆಕ್ಕದಲ್ಲಿ ಏರಿಕೆ ಇನ್ನೂ ಸ್ವಲ್ಪ ಜಾಸ್ತಿ. ಈವರೆಗೆ 60 ಸೈನ್ಸ್ ಕ್ರೆಡಿಟ್ ಆಗಿದ್ದರೆ 2.85 ಇದ್ದದ್ದೂ 3.25ಕ್ಕೇ ಬಂದು ನಿಲ್ಲುತ್ತದೆ. ಎಷ್ಟೋ ಮಕ್ಕಳು ಈ ಲೆಕ್ಕ ಹಾಕಿ, ‘ಇನ್ನೇನು ಉಪಯೋಗ’ ಅಂತ ಅಲ್ಲೇ ಕೈಚೆಲ್ಲುತ್ತಾರೆ. ಆದರೆ ಕಮಿಟಿಯ ಮೇಜಿನ ಮೇಲೆ ಆ 32 ಕ್ರೆಡಿಟ್‌ಗಳ ತೂಕ ಬೇರೆಯೇ.

ಎಂಡಿ ಕಾಲೇಜುಗಳಿಗೆ ಆಮ್ಕಾಸ್ ಅನ್ನುವ ಕೇಂದ್ರ ಅರ್ಜಿ ವ್ಯವಸ್ಥೆ ಇದೆ. ಅದು ಕಳಿಸುವ ಅರ್ಜಿಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಮೇಲಿಂದ ಕೆಳಕ್ಕೆ ಮೊದಲ ವರ್ಷ, ಎರಡನೇ ವರ್ಷ, ಮೂರನೇ ವರ್ಷ, ನಾಲ್ಕನೇ ವರ್ಷ, ಅದರ ಕೆಳಗೆ ಪದವಿ ಮುಗಿದ ಮೇಲೆ ಓದಿದ ಕೋರ್ಸುಗಳು, ಆಮೇಲೆ ಒಟ್ಟು. ಪಕ್ಕಪಕ್ಕದಲ್ಲಿ ಮೂರು ಕಾಲಂ: ಸೈನ್ಸ್ ಮತ್ತು ಗಣಿತ, ಉಳಿದ ವಿಷಯಗಳು, ಎಲ್ಲ ಸೇರಿ. ನಾನು ಸೈನ್ಸ್ ಕಾಲಂ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗೆ ಇಳಿಸುತ್ತಿದ್ದೆ. ನಿಮ್ಮ ಮಗನ ಗ್ರೇಡಿನ ಹಾಗೆ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದು, ಪದವಿಯ ನಂತರದ ಸಾಲಿನಲ್ಲಿ 3.9 ಇತ್ತು ಅಂದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಈ ಹುಡುಗ ಬದಲಾಗಿದ್ದಾನೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಮ್ಮ ಮಗನ ಪಟ್ಟಿಯಲ್ಲಿ ಆ ಸಾಲು ಈಗ ಖಾಲಿ ಇದೆ. ಅದಕ್ಕೇ ಈ ವರ್ಷ ಬೇಡ ಅಂದದ್ದು.

ಈಗಲೇ ಹಾಕಿ ನೋಡೋಣ, ಹೋದರೆ ಫೀಸು ತಾನೇ ಅನ್ನಿಸಬಹುದು. ಫೀಸಿನ ಜೊತೆ ಇನ್ನೂ ಒಂದು ನಷ್ಟ ಇದೆ. ಬಹಳ ಕಾಲೇಜುಗಳಲ್ಲಿ ‘ಮೊದಲೂ ಅರ್ಜಿ ಹಾಕಿದ್ದೀರಾ’ ಅಂತ ಕೇಳುತ್ತಾರೆ. ಎರಡನೇ ಸಲ ಬಂದವರ ಅರ್ಜಿಯನ್ನು ಹಳೆಯದರ ಪಕ್ಕ ಇಟ್ಟು ಓದುತ್ತಾರೆ. ಮೊದಲ ಅರ್ಜಿ ಚೆನ್ನಾಗಿ ಮಾಗಿದ ಮೇಲೆಯೇ ಹೋಗಲಿ.

ಇದೆಲ್ಲಕ್ಕಿಂತ ಮುಂಚೆ ಆಗಬೇಕಾದ ಒಂದು ಕೆಲಸ ಮನೆಯೊಳಗಿದೆ. ಮೊದಲೆರಡು ವರ್ಷ ಯಾಕೆ ಕೆಟ್ಟಿತು ಅಂತ ಅವನಿಗೆ ಗೊತ್ತಿರಬೇಕು. ನಿಮಗೆ ಹೇಳದಿದ್ದರೂ ಪರವಾಗಿಲ್ಲ, ಅವನಿಗೆ ಗೊತ್ತಿರಬೇಕು. ಕಾರಣ ತಿಳಿಯದೆ ಮತ್ತೆ ಅದೇ ಕ್ಲಾಸಿನಲ್ಲಿ ಕೂತರೆ ಮತ್ತೆ ಬಿ ಪ್ಲಸ್ಸೇ ಬರುತ್ತದೆ. ಆ ಸಾಲಿನಲ್ಲಿ ಬಿ ಪ್ಲಸ್ ಬಂದರೆ ನನ್ನಂಥವರು, ‘ಇವನ ಮಿತಿ ಇಷ್ಟೇ ಇರಬಹುದು’ ಅಂತ ತೀರ್ಮಾನಿಸಿಬಿಡುತ್ತಾರೆ. ಮನಸ್ಸು ಸರಿ ಇರಲಿಲ್ಲವಾ, ನಿದ್ದೆ ಬರುತ್ತಿರಲಿಲ್ಲವಾ, ಗಮನ ನಿಲ್ಲುತ್ತಿರಲಿಲ್ಲವಾ, ಮನೆ ಬಿಟ್ಟು ಹೋದ ಒಂಟಿತನವಾ? ಇವುಗಳಲ್ಲಿ ಯಾವುದಾದರೂ ಇದ್ದರೆ ಚಿಕಿತ್ಸೆ ಇದೆ. ಅದು ಮೊದಲು ಆಗಲಿ. ನೀವು ಕೇಳಿದಾಗ ಅವನು ಬಾಯಿ ಬಿಡದಿದ್ದರೆ ಬೇರೆಯವರ ಹತ್ತಿರ ಬಿಡಬಹುದು. ಕೌನ್ಸೆಲರ್ ಆಗಬಹುದು, ಅವನ ಡಾಕ್ಟರ್ ಆಗಬಹುದು, ಅಥವಾ ನಾಲ್ಕೈದು ವರ್ಷ ದೊಡ್ಡವನಾದ ಅಣ್ಣನಂಥ ಒಬ್ಬ ಹುಡುಗ.

ಎಷ್ಟೋ ಸಲ ಕಾರಣ ಇನ್ನೂ ಸರಳವಾಗಿರುತ್ತದೆ: ಓದುವ ರೀತಿಯೇ ತಪ್ಪಿರುತ್ತದೆ. ನನ್ನ ಕಥೆಯೂ ಅದೇ. ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಮೊದಲ ವರ್ಷ ಅನಾಟಮಿಯಲ್ಲಿ ಫೇಲಾದೆ. ಓದುತ್ತಿರಲಿಲ್ಲ ಅಂತಲ್ಲ. ರಾತ್ರಿ ಒಂದು ಗಂಟೆವರೆಗೆ ನೋಟ್ಸ್ ಓದುತ್ತಿದ್ದೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ, ಮರುದಿನ ಮತ್ತೆ ಅದನ್ನೇ ಓದುತ್ತಿದ್ದೆ. ಹಾಸ್ಟೆಲಿನ ಸೀನಿಯರ್ ಒಬ್ಬರು ಒಂದು ದಿನ ನನ್ನ ಪುಸ್ತಕ ಮುಚ್ಚಿ, ಕೈಗೆ ತೊಡೆಮೂಳೆ ಕೊಟ್ಟು, ‘ಇದರ ಮೇಲೆ ಯಾವ ಯಾವ ಸ್ನಾಯು ಎಲ್ಲೆಲ್ಲಿ ಕೂರುತ್ತೆ, ತೋರಿಸಿ ಹೇಳು’ ಅಂದರು. ಎರಡು ಹೆಸರು ಹೇಳಿ ನಿಂತೆ. ಮೂರು ಸಲ ಓದಿದ ಪುಟ ಅದು! ಅವತ್ತಿನಿಂದ ಪುಸ್ತಕ ಮುಚ್ಚಿ ಜೋರಾಗಿ ಹೇಳುವುದು, ಖಾಲಿ ಹಾಳೆಯಲ್ಲಿ ಚಿತ್ರ ಬಿಡಿಸುವುದು, ತಪ್ಪಿದ್ದನ್ನು ಮಾತ್ರ ಮತ್ತೆ ಓದುವುದು ಶುರುವಾಯಿತು. ನಿಮ್ಮ ಮಗನಿಗೂ ಒಂದು ಖಾಲಿ ಹಾಳೆ ಕೊಟ್ಟು ಆರ್ಗ್ಯಾನಿಕ್ ಕೆಮಿಸ್ಟ್ರಿಯ ಒಂದು ರಿಯಾಕ್ಷನ್ ನೋಡದೆ ಬಿಡಿಸಲು ಹೇಳಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಂದ ಅವನ ಓದು ಶುರುವಾಗಬೇಕು.

ಇನ್ನು ಯಾವ ಕೋರ್ಸು ಓದಬೇಕು ಅನ್ನುವುದು. ಆ ಸಿ ಮೈನಸ್ ಕೋರ್ಸನ್ನು ಮತ್ತೆ ಓದಲೇಬೇಕು, ಯಾಕೆಂದರೆ ಬಹಳ ಕಾಲೇಜುಗಳು ಕಡ್ಡಾಯ ವಿಷಯಗಳಲ್ಲಿ ಸಿ ಗ್ರೇಡಿಗಿಂತ ಕಡಿಮೆ ಒಪ್ಪುವುದಿಲ್ಲ. ಉಳಿದ ಸಿ, ಸಿ ಪ್ಲಸ್‌ಗಳನ್ನು ಹಾಗೇ ಬಿಡಿ. ಅವನ್ನು ಮತ್ತೆ ಓದಿ ಎ ತೆಗೆದರೂ ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಡಿಒ ಕಾಲೇಜುಗಳಲ್ಲಿ ಹೊಸ ಗ್ರೇಡ್ ಮಾತ್ರ ಹಿಡಿಯುವ ಪದ್ಧತಿ ಒಂದು ಕಾಲಕ್ಕೆ ಇತ್ತು, 2017ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮವರ ಪಾರ್ಟಿಗಳಲ್ಲಿ ಇವತ್ತಿಗೂ ಆ ಹಳೇ ಸಲಹೆ ಓಡಾಡುತ್ತಿದೆ, ಕಿವಿಗೆ ಹಾಕಿಕೊಳ್ಳಬೇಡಿ. ಅದರ ಬದಲು ಮೇಲಿನ ಹಂತದ ವಿಷಯಗಳು ಇರಲಿ: ಫಿಸಿಯಾಲಜಿ, ಸೆಲ್ ಬಯಾಲಜಿ, ಜೆನೆಟಿಕ್ಸ್, ಇಮ್ಯುನಾಲಜಿ, ಮೈಕ್ರೋಬಯಾಲಜಿ. ಸೆಮಿಸ್ಟರಿಗೆ ಒಂದೇ ಕೋರ್ಸು ತೆಗೆದುಕೊಂಡು ಎ ತೋರಿಸಿದರೆ ಯಾರೂ ನಂಬುವುದಿಲ್ಲ. ಮೆಡಿಕಲ್ ಕಾಲೇಜಿನ ಹೊರೆ ಭಾರಿ. ಅದಕ್ಕೆ ಹತ್ತಿರದ ಹೊರೆ ಹೊತ್ತು ತೋರಿಸಬೇಕು, ಅಂದರೆ 12ರಿಂದ 15 ಕ್ರೆಡಿಟ್. ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲಿ ಓದಿದರೆ ಒಳ್ಳೆಯದು. ಮನೆಯ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯೇ ಸಾಕು, ದೊಡ್ಡ ಹೆಸರು ಬೇಕಾಗಿಲ್ಲ.

ಇದಕ್ಕೆ ಪೋಸ್ಟ್-ಬ್ಯಾಕ್ ಅನ್ನುತ್ತಾರೆ. ಈ ಹೆಸರಿನಲ್ಲಿ ಎರಡು ಬಗೆ ಇವೆ, ಗೊಂದಲ ಬೇಡ. ಬ್ರಿನ್ ಮಾರ್, ಗೌಚರ್‌ನಂಥ ಪ್ರಸಿದ್ಧ ಕಾರ್ಯಕ್ರಮಗಳು ಸೈನ್ಸ್ ಓದದೆ ಬೇರೆ ಪದವಿ ಮಾಡಿದವರಿಗಾಗಿ ಇರುವಂಥವು. ನಿಮ್ಮ ಮಗನಿಗೆ ಅವು ಆಗಿಬರುವುದಿಲ್ಲ. ಇನ್ನೊಂದು ಬಗೆ ಹಳೇ ಗ್ರೇಡ್ ಸುಧಾರಿಸಿಕೊಳ್ಳುವವರಿಗೆ.

ಮೂರನೆಯ ದಾರಿ ಒಂದು ವರ್ಷದ ಸ್ಪೆಷಲ್ ಮಾಸ್ಟರ್ಸ್. ಜಾರ್ಜ್‌ಟೌನ್‌ನಲ್ಲಿ ಇರುವುದು ಇದರಲ್ಲಿ ಹೆಸರುವಾಸಿ. ನಿಮ್ಮ ಸುತ್ತಮುತ್ತಲೂ ರಟ್ಗರ್ಸ್‌ನಲ್ಲಿ, ಫಿಲಡೆಲ್ಫಿಯಾದ ಪಿಕಾಮ್ ಅನ್ನುವ ಡಿಒ ಕಾಲೇಜಿನಲ್ಲಿ ಬಯೋಮೆಡಿಕಲ್ ಸೈನ್ಸ್ ಮಾಸ್ಟರ್ಸ್ ಇದೆ. ಕೆಲವು ಕಡೆ ಮೆಡಿಕಲ್ ಮೊದಲ ವರ್ಷದವರ ಜೊತೆ ಕೂರಿಸಿ ಅವರದೇ ಪರೀಕ್ಷೆ ಬರೆಸುತ್ತಾರೆ. ಅಲ್ಲಿ ಚೆನ್ನಾಗಿ ಮಾಡಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದರೆ ಅಲ್ಲಿ ಬಿ ಬಂದರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಮಾಸ್ಟರ್ಸ್ ಗ್ರೇಡ್ ಪದವಿಯ ಜಿಪಿಎಗೆ ಸೇರುವುದೂ ಇಲ್ಲ, ಬೇರೆ ಸಾಲಿನಲ್ಲಿ ನಿಲ್ಲುತ್ತದೆ. ಖರ್ಚೂ ಸಣ್ಣದಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮಾಸ್ಟರ್ಸ್‌ಗೆ ಸರ್ಕಾರಿ ಸಾಲ ವರ್ಷಕ್ಕೆ 20,500 ಡಾಲರ್ ಮಾತ್ರ. ಮೆಡಿಕಲ್‌ಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್. ಅದಕ್ಕಿಂತ ಹೆಚ್ಚು ಬೇಕಾದರೆ ಖಾಸಗಿ ಸಾಲ. ಆದ್ದರಿಂದ ಮೊದಲು ಮನೆಯಿಂದಲೇ ಓಡಾಡಿಕೊಂಡು ಪೋಸ್ಟ್-ಬ್ಯಾಕ್ ಮಾಡಲಿ. ಅಲ್ಲಿ ಎ ಗ್ರೇಡುಗಳು ಬಂದರೂ ಇನ್ನೂ ಸಾಲದು ಅನ್ನಿಸಿದರೆ ಮಾತ್ರ ಮಾಸ್ಟರ್ಸ್ ಯೋಚನೆ ಮಾಡಿ.

ಎಂಕ್ಯಾಟ್ ವಿಷಯ. ಅಂಕ 472ರಿಂದ 528ರವರೆಗೆ, ನಡುಮಧ್ಯ 500. ಅಂದರೆ 503 ಕೆಟ್ಟದ್ದಲ್ಲ. ಗ್ರೇಡ್ ಚೆನ್ನಾಗಿದ್ದವನಾಗಿದ್ದರೆ ಡಿಒ ಕಾಲೇಜಿಗೆ ಇದೇ ನಡೆಯುತ್ತಿತ್ತು. ಗ್ರೇಡ್ ಕಡಿಮೆ ಇರುವಾಗ ಇದನ್ನು 510ಕ್ಕೆ ಏರಿಸಬೇಕು. ಆದರೆ ಹೊಸ ಕೋರ್ಸುಗಳನ್ನು ಓದಿದ ಮೇಲೇ ಬರೆಯಲಿ. ವರ್ಷಕ್ಕೆ ಮೂರು ಸಲ, ಎರಡು ವರ್ಷದಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ ಬರೆಯಬಹುದು ಅಂತ ನಿಯಮ ಇದೆ. ಹಾಗಂತ ಸುಮ್ನೆ ಬರೆದು ನೋಡುವ ಪರೀಕ್ಷೆ ಅಲ್ಲ ಇದು. ಎಲ್ಲ ಅಂಕವೂ ನಮಗೆ ಕಾಣುತ್ತದೆ. ಅವನ ನಾಲ್ಕು ಭಾಗದ ಅಂಕ ನೀವು ಬರೆದಿಲ್ಲ. ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಕಾರ್ಸ್ ಭಾಗದಲ್ಲಿ, ಅಂದರೆ ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ. ಒಂಬತ್ತು ಬರಹ, 53 ಪ್ರಶ್ನೆ, 90 ನಿಮಿಷ. ಒಂದು ಬರಹಕ್ಕೆ ಹತ್ತೇ ನಿಮಿಷ. ಕಲೆ, ತತ್ವಶಾಸ್ತ್ರ, ಇತಿಹಾಸ, ಏನು ಬೇಕಾದರೂ ಬರುತ್ತದೆ. ಬಾಯಿಪಾಠ ಮಾಡಲು ಇದರಲ್ಲಿ ಏನೂ ಇಲ್ಲ. ದಿನಕ್ಕೆ ಎರಡು ಬರಹ, ಗಡಿಯಾರ ಇಟ್ಟುಕೊಂಡು, ಆರು ತಿಂಗಳು. ತಪ್ಪಿದ ಪ್ರತಿ ಪ್ರಶ್ನೆಗೂ ‘ನಾನು ಯಾಕೆ ಆ ಉತ್ತರ ಸರಿ ಅಂದುಕೊಂಡೆ’ ಅಂತ ಒಂದು ಸಾಲು ಬರೆದಿಡಲಿ. ಬೇರೆ ಗುಟ್ಟು ನನಗೆ ಗೊತ್ತಿಲ್ಲ.

ಡಿಒ ಅಂದಾಗ ನಮ್ಮವರ ಮುಖ ಸಪ್ಪಗಾಗುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ‘ಊರಲ್ಲಿ ಏನಂತ ಹೇಳೋದು? ಅದು ಡಾಕ್ಟರೇ ಅಲ್ವಾ?’ ಡಾಕ್ಟರೇ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. ಈ ದೇಶದ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕೂ ಜಾಸ್ತಿ ಜನ ಡಿಒ ಓದುತ್ತಿದ್ದಾರೆ. ಮೂಳೆ ಮತ್ತು ಸ್ನಾಯುಗಳನ್ನು ಕೈಯಿಂದ ಉಪಚರಿಸುವ ತರಬೇತಿ ಅವರಿಗೆ ಹೆಚ್ಚುವರಿ. 2020ರಿಂದ ಎಂಡಿ, ಡಿಒ ಇಬ್ಬರಿಗೂ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮಾನ್ಯತೆಯ ವ್ಯವಸ್ಥೆ ಒಂದೇ. ಹಾಗಂತ ಗ್ರೇಡ್ ಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ಬಂದವರನ್ನು ಆ ಕಾಲೇಜುಗಳೂ ಗುರುತಿಸುತ್ತವೆ. ಯಾರಾದರೂ ಡಿಒ ಡಾಕ್ಟರ ಜೊತೆ ಕೆಲವು ದಿನ ಇದ್ದು ಕೆಲಸ ನೋಡಲಿ, ಸಾಧ್ಯವಾದರೆ ಅವರಿಂದ ಪತ್ರವನ್ನೂ ತೆಗೆದುಕೊಳ್ಳಲಿ. ನಿಮ್ಮ ಮಗನ ಅರ್ಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡಿಒ ಕಾಲೇಜುಗಳೇ ಇರಬೇಕು ಅನ್ನುವುದು ನನ್ನ ಸಲಹೆ.

ಕೆರಿಬಿಯನ್ ಕಾಲೇಜುಗಳ ಬಗ್ಗೆ ನಿಮ್ಮ ಮನೆಯವರಿಗೆ ನೇರವಾಗಿ ಹೇಳುತ್ತೇನೆ. ಅಲ್ಲಿ ಓದಿ ಬಂದ ಒಳ್ಳೊಳ್ಳೆ ಡಾಕ್ಟರುಗಳ ಜೊತೆ ನಾನು ಕೆಲಸ ಮಾಡಿದ್ದೇನೆ. ಆದರೂ ಮೊದಲ ಆಯ್ಕೆಯಾಗಿ ಬೇಡ. ರೆಸಿಡೆನ್ಸಿ ಹಂಚುವ ಮ್ಯಾಚ್‌ನಲ್ಲಿ ಈಚಿನ ವರ್ಷಗಳ ಲೆಕ್ಕ ನೋಡಿ. ಅಮೆರಿಕದ ಎಂಡಿ ಕೊನೇ ವರ್ಷದವರಲ್ಲಿ ನೂರಕ್ಕೆ ಸುಮಾರು 93 ಜನರಿಗೆ ಜಾಗ ಸಿಗುತ್ತದೆ, ಡಿಒದವರಲ್ಲಿ ಸುಮಾರು 92. ಹೊರದೇಶದಲ್ಲಿ ಓದಿದ ಅಮೆರಿಕನ್ ಪ್ರಜೆಗಳಲ್ಲಿ ಸುಮಾರು 67. ಆ 67 ಕೂಡ ಮ್ಯಾಚ್‌ವರೆಗೆ ತಲುಪಿದವರ ಲೆಕ್ಕ. ದಾರಿಯಲ್ಲಿ ಬಿಟ್ಟುಹೋದವರು ಅದರಲ್ಲಿ ಇಲ್ಲ, ಅವರ ಸಾಲ ಮಾತ್ರ ಉಳಿದಿರುತ್ತದೆ. ಮೊದಲು ಡಾಕ್ಟರ್ ಲೈಸೆನ್ಸಿನ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1ರಲ್ಲಿ ಭಾರಿ ಅಂಕ ತೆಗೆದು ಗಮನ ಸೆಳೆಯಬಹುದಿತ್ತು. 2022ರ ಜನವರಿಯಿಂದ ಅದೂ ಬರೀ ಪಾಸ್-ಫೇಲ್ ಆಗಿದೆ. ಓದುವ ರೀತಿ ಇನ್ನೂ ಸರಿಹೋಗದ ಹುಡುಗನನ್ನು ದ್ವೀಪಕ್ಕೆ ಒಂಟಿಯಾಗಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನ ಮಾತು. ನಿಮ್ಮ ಮೈದುನರ ಪ್ರೀತಿ ದೊಡ್ಡದು, ಆದರೆ ಎನ್‌ಆರ್‌ಐ ಸೀಟಿಗೂ ನೀಟ್ ಬರೆದು ಅರ್ಹನಾಗಲೇಬೇಕು. ಹನ್ನೆರಡನೇ ತರಗತಿ ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಅದರ ತಾರೀಖು ನೋಡಿ. 2021ರ ಮಾರ್ಚ್ 4ರ ಅಧಿಸೂಚನೆ ಒಸಿಐದವರನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತ ಮಾಡಿತು. ಅದಕ್ಕೂ ಮೊದಲು ಕಾರ್ಡ್ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಸೇರಿದ ಮೇಲೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಇಲ್ಲಿಗೆ ವಾಪಸ್ ಬಂದು ಹೊರದೇಶದಲ್ಲಿ ಓದಿದವನಾಗಿ ಅದೇ ಮ್ಯಾಚ್‌ಗೆ ನಿಲ್ಲಬೇಕು. ಅವನಿಗೆ ಕರ್ನಾಟಕದಲ್ಲೇ ಬದುಕುವ ಮನಸ್ಸಿದ್ದರೆ ಇದು ಒಳ್ಳೆಯ ದಾರಿ. ಇಲ್ಲದಿದ್ದರೆ ಸುತ್ತುಬಳಸು.

ಗ್ರೇಡ್ ಆಚೆಗೆ ಒಂದು ಮಾತು. ನಮ್ಮವರ ಮಕ್ಕಳ ಅರ್ಜಿಗಳಲ್ಲಿ ಅಪ್ಪನ ಸ್ನೇಹಿತರಾದ ಡಾಕ್ಟರ ಹಿಂದೆ ನಿಂತು ನೋಡಿದ ಗಂಟೆಗಳು ತುಂಬಾ ಇರುತ್ತವೆ, ರೋಗಿಯ ಪಕ್ಕ ಕೂತ ಗಂಟೆಗಳು ಕಡಿಮೆ. ಡಾಕ್ಟರ ಟಿಪ್ಪಣಿ ಬರೆದುಕೊಡುವ ಸ್ಕ್ರೈಬ್ ಆಗಲಿ, ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಆಗಲಿ, ನರ್ಸಿಂಗ್ ಹೋಮಿನಲ್ಲಿ ಸಹಾಯಕನಾಗಲಿ. ವಾರಕ್ಕೆ ಒಂದು ಪಾಳಿ ಸಾಕು, ಆದರೆ ಒಂದು ವರ್ಷ ಬಿಡದೆ ಹೋಗಲಿ. ಕೋರ್ಸುಗಳ ಗ್ರೇಡಿಗೆ ಕುತ್ತು ಬರುವಷ್ಟು ಬೇಡ.

ಪ್ರಬಂಧದಲ್ಲಿ ಹಳೇ ಗ್ರೇಡ್ ಬಗ್ಗೆ ಏನು ಬರೆಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಆಮ್ಕಾಸ್ ಪ್ರಬಂಧಕ್ಕೆ 5,300 ಅಕ್ಷರ ಜಾಗ, ಖಾಲಿ ಜಾಗವೂ ಸೇರಿ. ಅದರಲ್ಲಿ ಗ್ರೇಡಿಗೆ ಮೂರು ವಾಕ್ಯ ಸಾಕು. ‘ಮೊದಲ ವರ್ಷಗಳಲ್ಲಿ ಹಲವು ಸವಾಲುಗಳು ಎದುರಾದವು, ಅವು ನನ್ನನ್ನು ಗಟ್ಟಿಗೊಳಿಸಿದವು’ ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ‘ಮೊದಲೆರಡು ವರ್ಷ ಓದಲು ಗೊತ್ತಿರಲಿಲ್ಲ, ಸಹಾಯ ಕೇಳಲು ನಾಚಿಕೆಯಾಗುತ್ತಿತ್ತು. ಮೂರನೇ ವರ್ಷದಿಂದ ವಾರಕ್ಕೆರಡು ಸಲ ಪ್ರೊಫೆಸರ ಕೋಣೆಗೆ ಹೋದೆ. ಪದವಿಯ ನಂತರದ 32 ಕ್ರೆಡಿಟ್‌ನಲ್ಲಿ ಬಂದ ಗ್ರೇಡ್ ಅದರ ಫಲ’ ಅಂತ ಬರೆದರೆ ನಂಬುತ್ತೇನೆ. ಪ್ರೊಫೆಸರನ್ನೋ ರೂಮ್‌ಮೇಟನ್ನೋ ದೂರಿದರೆ ಮಾತ್ರ ಓದುವವರ ಮನಸ್ಸು ಮುರಿಯುತ್ತದೆ.

ಇದನ್ನು ಓದುವ ಇನ್ನೊಂದು ಗುಂಪಿನ ತಂದೆ-ತಾಯಿಗಳಿಗೆ: ಮಕ್ಕಳು ಎಚ್-4 (ಎಚ್-1ಬಿಯವರ ಕುಟುಂಬದ) ವೀಸಾದಲ್ಲಿದ್ದರೆ ಬಹಳ ಕಾಲೇಜುಗಳು ಅವರನ್ನು ಹೊರದೇಶದವರೆಂದೇ ಎಣಿಸುತ್ತವೆ, ಎಷ್ಟೋ ಕಾಲೇಜುಗಳು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಪ್ರತಿ ಕಾಲೇಜಿನ ನಿಯಮ ಬೇರೆಬೇರೆಯಾಗಿ ನೋಡಿ.

ಈಗ ನಿಮ್ಮ ಮಗನಿಗೆ ಮಾಡಲು ಇರುವುದು ಇಷ್ಟು. ಈ ತಿಂಗಳೇ ಹತ್ತಿರದ ಯೂನಿವರ್ಸಿಟಿಯಲ್ಲಿ ಪದವಿ ಮುಗಿದವರ ವಿಭಾಗದಲ್ಲಿ ಹೆಸರು ಹಚ್ಚಲಿ. ತಡವಾದರೆ ಮೇಲಿನ ಹಂತದ ಕ್ಲಾಸುಗಳು ತುಂಬಿಹೋಗುತ್ತವೆ. ಆಗಸ್ಟ್ ಅಥವಾ ಸೆಪ್ಟೆಂಬರಿನಿಂದ ಆರ್ಗ್ಯಾನಿಕ್ ಎರಡು, ಫಿಸಿಯಾಲಜಿ, ಜೆನೆಟಿಕ್ಸ್ ಇರಲಿ, ಜೊತೆಗೆ ಒಂದು ಲ್ಯಾಬ್. ಮೊದಲ ಪರೀಕ್ಷೆಯಲ್ಲಿ 85ಕ್ಕಿಂತ ಕಡಿಮೆ ಬಂದರೆ ಅದೇ ವಾರ ಪ್ರೊಫೆಸರನ್ನು ನೋಡಲಿ, ಎರಡನೇ ಪರೀಕ್ಷೆವರೆಗೆ ಕಾಯುವುದು ಬೇಡ. ಎಂಕ್ಯಾಟ್ ಮುಂದಿನ ವರ್ಷ ಏಪ್ರಿಲ್ ಹೊತ್ತಿಗೆ, ಅರ್ಜಿ ಜೂನ್ ಮೊದಲ ವಾರ. ಬೇಗ ಬಂದ ಅರ್ಜಿಯನ್ನು ಬೇಗ ಓದುತ್ತಾರೆ, ಸೀಟುಗಳೂ ಬಂದ ಹಾಗೆ ತುಂಬುತ್ತಾ ಹೋಗುತ್ತವೆ. ಡಿಸೆಂಬರಿನಲ್ಲಿ ಈ ಸೆಮಿಸ್ಟರಿನ ಗ್ರೇಡ್ ಬಂದ ಕೂಡಲೇ ನನಗೆ ಬರೆಯಿರಿ. ಈ ಸಲ ಅವನೇ ಬರೆದರೆ ಇನ್ನೂ ಒಳ್ಳೆಯದು. ಎಂಕ್ಯಾಟ್‌ನ ನಾಲ್ಕೂ ಭಾಗದ ಅಂಕ ಜೊತೆಗಿರಲಿ, ಕಾಲೇಜುಗಳ ಪಟ್ಟಿಯನ್ನು ಆಗ ಒಟ್ಟಿಗೆ ಮಾಡೋಣ.